ಒಡಕು ಕಾಳು

"ಮುಖ ಮುಟ್ಟಿಲ್ಲ ಕಣೇ, ಅಂಗಾಲಿಗೆ ಕೊಟ್ಟೀನಿ. ಕಾಲಿಗೂ ದೃಷ್ಟಿ ಆಗ್ತೈತೇನು?" ಎನ್ನುತ್ತ ಮುದ್ದಕ್ಕ ಮೊಮ್ಮಗಳ ಪಾದವನ್ನು ಕೆಳಗಿಟ್ಟಳು. ಹತ್ತು ತಿಂಗಳ ಸ್ವಪ್ನ ಕಚಗುಳಿಗೆ ಕಾಲು ಎಳೆದುಕೊಂಡು ಕೇಕೆ ಹಾಕಿತು. ಆಮೇಲೆ ಇನ್ನೊಂದು ಕಾಲನ್ನು ತಾನೇ ಅಜ್ಜಿಯ ಬಾಯಿಯ ಕಡೆ ಚಾಚಿತು. ಮುದ್ದಕ್ಕ ಅದಕ್ಕೂ ಒಂದು ಮುತ್ತು ಕೊಟ್ಟಳು.

ಶಶಿರೇಖಾ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸೀರೆಯ ಅಂಚು ಕೂಡಿಸುವ ಹೊತ್ತು. ಕಣ್ಣೆತ್ತಿದರೆ ಎಳೆ ತಪ್ಪುತ್ತದೆ. ಲಾಳಿಯ ಸದ್ದಿನ ನಡುವೆ ಅವ್ವನ ಮಾತು ಕೇಳಿ ಅವಳಿಗೆ ನಗು ಬಂತು. ಅವ್ವ ದೇವಸಮುದ್ರದಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಬರುತ್ತಿದ್ದುದೇ ಆ ಒಂದು ಕೇಕೆಗೆ. ಬರುವಾಗ ತರುವುದು ಏನೂ ಇಲ್ಲ, ಹೋಗುವಾಗ ಒಯ್ಯುವುದು ಏನೂ ಇಲ್ಲ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಒಂದು ತಾಸು ಕೂತು, ಟೀ ಕುಡಿದು, ಮಧ್ಯಾಹ್ನದ ಬಸ್ಸಿಗೆ ವಾಪಸು.

ಇನ್ನೂ ಅರ್ಧ ಬೆರಳಿನಷ್ಟು ನೇಯ್ದಿರಲಿಲ್ಲ. ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ಮಂಜಮ್ಮನ ರಾಟೆ ನಿಂತಿತು.

"ಶಶೀ, ಎದ್ದು ಬಾ ಇಲ್ಲಿ. ನಿನ್ ಕಣ್ಣಾರೆ ನೋಡು."

ಮಗುವಿನ ಎರಡೂ ಅಂಗಾಲಿನಲ್ಲಿ ಗಂಧೆ ಎದ್ದಿತ್ತು. ಸುತ್ತ ಕೆಂಪು, ನಡುವೆ ಬಿಳಿಚಿಕೊಂಡ ದಪ್ಪ ಬಾವು. ಬೇರೆ ಎಲ್ಲೂ ಇಲ್ಲ, ತುಟಿ ತಾಗಿದಷ್ಟೇ ಜಾಗ. ಮಗು ಒಂದು ಕಾಲಿನಿಂದ ಇನ್ನೊಂದನ್ನು ತಿಕ್ಕಿಕೊಳ್ಳುತ್ತ ರಾಗ ತೆಗೆಯಿತು.

"ನಾನೇನೂ ಅನ್ನಲ್ಲ ಮುದ್ದಕ್ಕಾ," ಎಂದಳು ಮಂಜಮ್ಮ. "ಅಂದ್ರೆ ಬೀಗರ ಮೇಲೆ ಹೊಟ್ಟೆಕಿಚ್ಚು ಅಂತಾರೆ. ಯುಗಾದಿ ಆದ್ಮೇಲೆ ಕೆನ್ನೆ ಆತು. ಹೋದ ತಿಂಗಳು ಹಣೆ ಆತು. ಇವತ್ತು ಕಾಲು. ನಾನು ಕೊಡ್ತೀನಿ ಮುತ್ತು, ನನ್ ಮಗ ಕೊಡ್ತಾನೆ, ಓಣಿ ಮಂದಿ ಎಲ್ಲ ಕೊಡ್ತಾರೆ. ಯಾರು ಕೊಟ್ರೂ ಆಗದ್ದು ನೀನು ಕೊಟ್ರೆ ಮಾತ್ರ ಯಾಕ್ ಆಗ್ತೈತೆ? ನೀನೇ ಹೇಳು."

ಬಾಣಂತನದ ಐದು ತಿಂಗಳು ಇದೇ ಕೂಸನ್ನು ತನ್ನ ಕಾಲ ಮೇಲೆ ಹಾಕಿಕೊಂಡು ಎರೆದವಳು ಮುದ್ದಕ್ಕ. ಆಗ ಏನೂ ಆಗಿರಲಿಲ್ಲ. ಅವಳ ನಾಲಿಗೆಯ ಮೇಲೆ ಮಾತ್ರ ಹುಟ್ಟಿನಿಂದಲೇ ಒಂದು ಕಪ್ಪು ಮಚ್ಚೆ ಇತ್ತು. ಶಶಿರೇಖಾ ಸಣ್ಣವಳಿದ್ದಾಗ "ನಿನ್ ಚುಕ್ಕಿ ತೋರ್ಸವ್ವಾ" ಎಂದು ಕಾಡಿ ಅದನ್ನು ನೋಡುತ್ತಿದ್ದಳು. ಈಗ ಓಣಿಯ ಹೆಂಗಸರು ಅದಕ್ಕೆ ಕರಿನಾಲಿಗೆ ಎಂದು ಹೆಸರಿಟ್ಟಿದ್ದರು.

"ಬೇಕಂತ ಮಾಡ್ತೀನಾ ನಾನು?" ಎಂದಳು ಮುದ್ದಕ್ಕ. ಕೇಳಿದ್ದು ಮಗಳನ್ನು.

ಶಶಿರೇಖಾ ಮಗುವಿನ ಪಾದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಅವಳು ಎಂಟನೇ ಕ್ಲಾಸು ಓದಿದವಳು, ದೃಷ್ಟಿ ಗಿಷ್ಟಿ ಎಂದರೆ ಗಂಡನ ಮುಂದೆ ನಗುತ್ತಿದ್ದವಳು. ಆದರೆ ತುಟಿಯ ಆಕಾರದಲ್ಲೇ ಎದ್ದ ಆ ಬಾವಿನ ಎದುರು ನಗುವುದಾದರೂ ಹೇಗೆ? ಅವಳು ತಲೆ ಎತ್ತದೆ, "ಸ್ವಲ್ಪ ದಿನ ಬರಬೇಡ ಬಿಡವ್ವಾ," ಎಂದಳು. "ಕೂಸು ಒಂದಿಷ್ಟು ದೊಡ್ಡದಾಗ್ಲಿ. ನಾನೇ ಕರ್ಕಂಡು ಬರ್ತೀನಿ."

ಮುದ್ದಕ್ಕ ಎದ್ದು ಸೀರೆ ಕೊಡವಿಕೊಂಡು, "ಆತವ್ವ. ನಿನಗಿಂತ ಹೆಚ್ಚಾ," ಎಂದು ಚಪ್ಪಲಿ ಮೆಟ್ಟಿದಳು. ಟೀ ಒಲೆಯ ಮೇಲೆ ಕುದಿಯುತ್ತಲೇ ಇತ್ತು.

ಮೂರು ವಾರ ಕಳೆಯಿತು. ಮಗುವಿನ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. "ನಾ ಹೇಳಿದ್ದು ಸುಳ್ಳಾತಾ?" ಎಂದು ಮಂಜಮ್ಮ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಶಶಿರೇಖಾ ಲಾಳಿ ಎಸೆಯುತ್ತಿದ್ದಳು. ಗುಳ್ಳೆ ಏಳದಿದ್ದುದು ಸಮಾಧಾನ. ಅದೇ ಸಂಕಟ ಕೂಡ.

ದೇವಸಮುದ್ರದಲ್ಲಿ ಯುಗಾದಿಯಿಂದ ಮುಂಗಾರಿನವರೆಗೆ ಬಿತ್ತನೆ ಶೇಂಗಾ ಸುಲಿಯುವ ಕಾಲ, ಮುದ್ದಕ್ಕನ ಕೂಲಿಯೂ ಅದೇ. ಮಿಷನ್ನಿಗೆ ಹಾಕಿದರೆ ಕಾಳಿನ ಮೂತಿ ಒಡೆದು ಮೊಳಕೆ ಬರುವುದಿಲ್ಲ ಎಂದು ಬೀಜದ ಕಾಯನ್ನು ಇಂದಿಗೂ ಕೈಯಲ್ಲೇ ಸುಲಿಸುವವರಿದ್ದಾರೆ. ಬೇವಿನ ನೆರಳಲ್ಲಿ ಹತ್ತು ಹದಿನೈದು ಹೆಂಗಸರು ರಾಶಿಯ ಸುತ್ತ ಕೂತರೆ ಬೆಳಗಿನಿಂದ ಸಂಜೆವರೆಗೆ ಚಟಚಟ ಸದ್ದು. ಸುಲಿಯುವಾಗ ಒಡೆದು ಹೋಳಾದ ಕಾಳು ಬಿತ್ತುವುದಕ್ಕೆ ಬರುವುದಿಲ್ಲವಲ್ಲ, ಅದು ಸುಲಿದವಳಿಗೇ ಸೇರಿದ್ದು. ಯಾರೂ ಕೇಳುವುದಿಲ್ಲ. ಅರ್ಧ ಬಾಯಿಗೆ, ಅರ್ಧ ಸೆರಗಿನ ಗಂಟಿಗೆ. ಮುದ್ದಕ್ಕ ಮೊಳಕಾಲ್ಮೂರಿನ ಬಸ್ಸಿನಲ್ಲೂ ಆ ಗಂಟು ಬಿಚ್ಚಿ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ ಬರುವವಳು. ಮಂಜಮ್ಮನ ಮನೆಯಲ್ಲಿ ಶೇಂಗಾ ಕಡಿಮೆ. ತಿಂದರೆ ಎದೆ ಉರಿ ಎಂದು ಅವಳು ಬಿಟ್ಟು ಎಷ್ಟೋ ವರ್ಷ. ಆ ಮನೆಯಲ್ಲಿ ಚಟ್ನಿಗೂ ಹುರಿಗಡಲೆಯೇ.

ಒಂದು ಬೆಳಿಗ್ಗೆ ಫೋನು ಬಂತು.

"ಶಶೀ, ಬಸ್ಸಿನ ಕಂಡಕ್ಟರು ರಾಜಣ್ಣನ ಕೈಲಿ ಒಂದು ಡಬ್ಬಿ ಕೊಟ್ಟೀನಿ. ಇಸ್ಕಂಡು ಬರಾಕೆ ನಿನ್ ಗಂಡನ್ನ ಕಳ್ಸು."

"ಏನವ್ವಾ ಅದ್ರಾಗೆ?"

"ಪಾಪುಗೆ ಹಿಟ್ಟು. ರಾಗಿ, ಹೆಸರುಕಾಳು ಮೊಳಕೆ ಕಟ್ಟಿ ಒಣಗ್ಸಿ ಹುರ್ದೀನಿ. ಶೇಂಗಾನೂ ಹಾಕೀನಿ. ತೂಕ ಸಾಲ್ದು ಅಂತ ಅಂಗನವಾಡಿ ಗೀತಮ್ಮ ಅಂದ್ಲು ಅಂದಿದ್ಯಲ್ಲ? ತಿಂದ್ರೆ ಗುಂಡ್ ಗುಂಡಗೆ ಆಗ್ತಾಳೆ." ದನಿ ತಗ್ಗಿಸಿ ಅಂದಳು: "ಈ ಸಲ ಒಡಕು ಕಾಳು ಒಂದೂ ಬಾಯಿಗೆ ಹಾಕ್ಕಂಡಿಲ್ಲ ಶಶೀ. ಎಲ್ಲ ಕೂಡಿಟ್ಟೆ. ನಾನು ಬರಲ್ಲವ್ವ. ಡಬ್ಬಿ ಬಂದ್ರೆ ತಪ್ಪೇನೂ ಇಲ್ಲಲ್ಲ?"

"ತಪ್ಪೇನೂ ಇಲ್ಲವ್ವ," ಎಂದಳು ಶಶಿರೇಖಾ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಿಟ್ಟಿಗೆ ಬೆಲ್ಲ ಹಾಕಿ ಮಣ್ಣಿ ಕಾಯಿಸಿ, ಮೇಲೆ ತುಪ್ಪ ಬಿಟ್ಟು ಆರಿಸಿದಳು. ಮನೆಯೆಲ್ಲ ಘಮಘಮ. ಗಂಡ ಹೊನ್ನೂರಸ್ವಾಮಿ ತನ್ನ ಮಗ್ಗದಿಂದಲೇ, "ನಮಗೂ ಒಂದು ಚಮಚ ಇರ್ಲಿ" ಎಂದ. ಮಂಜಮ್ಮ ಡಬ್ಬಿಯ ಕಡೆ ಒಮ್ಮೆ ನೋಡಿ ರಾಟೆ ತಿರುಗಿಸಿದಳು.

ಮೊದಲ ಚಮಚ ಮಗು ಚಪ್ಪರಿಸಿತು. ಎರಡನೆಯದಕ್ಕೆ ಬಾಯಿ ಮುಂದೆ ತಂದಿತು. ನಾಲ್ಕನೆಯದನ್ನು ನಾಲಿಗೆಯಿಂದ ಹೊರಕ್ಕೆ ತಳ್ಳಿ, ಅಂಗೈಯಿಂದ ಬಾಯಿ ಉಜ್ಜಿಕೊಂಡಿತು. ಹೊಟ್ಟೆ ತುಂಬಿರಬೇಕು ಎಂದುಕೊಂಡ ಶಶಿರೇಖಾ ಒದ್ದೆ ಬಟ್ಟೆಯಿಂದ ಗಲ್ಲ ಒರೆಸಿದಳು. ಒರೆಸಿದಷ್ಟೂ ಕೆಂಪು ಹೆಚ್ಚಿತು. ಬಟ್ಟೆ ಒರಟಾಯಿತೇನೋ ಎಂದು ಬೆರಳಿನಿಂದ ಮುಟ್ಟಿದಳು. ಬೆರಳಿನಡಿಯಲ್ಲೇ ಗಂಧೆ ಏಳುತ್ತಿತ್ತು. ತುಟಿಯ ಸುತ್ತ, ಗಲ್ಲದಿಂದ ಮಣ್ಣಿ ಸೋರಿದ ಕುತ್ತಿಗೆಯ ಗೆರೆಗುಂಟ, ಚಮಚ ಕಿತ್ತುಕೊಳ್ಳಲು ಬಂದಿದ್ದ ಪುಟ್ಟ ಮುಷ್ಟಿಯ ಮೇಲೆ. ನೋಡುನೋಡುತ್ತಿದ್ದಂತೆ ಕೆಳತುಟಿ ಊದಿ ಮಡಚಿಕೊಂಡಿತು. ತಿಂದದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಮತ್ತೊಮ್ಮೆ ಬಂತು. ಬರಲು ಏನೂ ಉಳಿಯದ ಮೇಲೂ ಹೊಟ್ಟೆ ಹಿಂಡುತ್ತಲೇ ಇತ್ತು.

"ಅತ್ತೇ!"

ಮಂಜಮ್ಮ ಬಂದು ನೋಡಿದವಳೇ ಎದೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ದೇವುಡಾ! ಆಕೆ ಬರ್ಲಿಲ್ಲ ಅಂದ್ರೂ ಆಕೆ ಕೈ ಬಂತಲ್ಲೇ! ಸ್ವಾಮೀ, ಏಳೋ, ನೀರೊಲೆಯಿಂದ ಕೆಂಡ ತಗಂಡ್ ಬಾ!"

ಹೊನ್ನೂರಸ್ವಾಮಿ ಬಚ್ಚಲಿಗೆ ಓಡಿ ಮುರುಕು ಬಾಂಡ್ಲಿಯಲ್ಲಿ ಕೆಂಡ ತಂದ. ಮಂಜಮ್ಮ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು, "ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು" ಎಂದು ಮಗುವಿನ ಸುತ್ತ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಸುರಿದಳು. ಎಲ್ಲರಿಗೂ ಗೊತ್ತಿದ್ದ ಲೆಕ್ಕ ಅದು. ದೃಷ್ಟಿಯಾಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಹಿಂದೆ ಕೆನ್ನೆಗೆ ಆದಾಗ ಹೊರಗೆ ಗಾಳಿಯಲ್ಲಿ ಸುಟ್ಟಿದ್ದರು, ಘಾಟು ಬಂದಿರಲಿಲ್ಲ.

ಈ ಸಲ ಬಂತು. ಮಗ್ಗದ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕ್ಷಣದಲ್ಲಿ ಹೊಗೆ ತುಂಬಿ ಹೊನ್ನೂರಸ್ವಾಮಿ ಕೆಮ್ಮಿದ. ಮಂಜಮ್ಮ ಸೆರಗು ಮುಚ್ಚಿಕೊಂಡು ಕೆಮ್ಮಿದಳು. ಶಶಿರೇಖಾಳ ಕಣ್ಣಲ್ಲಿ ನೀರು ಸುರಿಯಿತು. ಮಗುವೂ ಕೆಮ್ಮುತ್ತಿತ್ತು. ನಾಯಿಮರಿ ಬೊಗಳಿದ ಹಾಗೆ ಒಡಕು ಕೆಮ್ಮು. ಆಮೇಲೆ ಅದು ಅಳಲು ಬಾಯಿ ತೆರೆಯಿತು. ಮುಖವೆಲ್ಲ ಹಿಂಡಿಕೊಂಡಿತು, ಎದೆಗೂಡು ಎದ್ದು ಕಂಡಿತು. ಸದ್ದು ಬರಲಿಲ್ಲ.

ಶಶಿರೇಖಾ ಆ ತೆರೆದ ಬಾಯಿಯ ಹತ್ತಿರ ಕಿವಿ ತಂದಳು. ಒಳಗೆ ಸಣ್ಣಗೆ ಸಿಳ್ಳೆ ಹೊಡೆದಂಥ ಉಸಿರು. ಜೊತೆಗೆ ಒಂದು ವಾಸನೆ. ಶೇಂಗಾದ್ದು. ಅವಳಿಗೆ ಬಹಳ ಗುರುತಿದ್ದ ವಾಸನೆ ಅದು. ಎಲ್ಲಿಯದು, ಯಾರದು ಎಂದು ನೆನೆಯುವಷ್ಟು ಹೊತ್ತು ಇರಲಿಲ್ಲ.

"ಘಾಟು ಬಂತು ಅತ್ತೆ," ಎಂದಳು. ತನ್ನ ಧ್ವನಿ ತನಗೇ ಬೇರೆಯವರದ್ದಾಗಿ ಕೇಳಿಸಿತು.

"ಇನ್ನೊಂದ್ ಹಿಡಿ ಹಾಕ್ತೀನಿ, ತಡಿ..."

"ಘಾಟು ಬಂತಲ್ಲ! ದೃಷ್ಟಿ ಅಲ್ಲ ಇದು!" ಅವಳು ಮಗುವನ್ನು ಎತ್ತಿಕೊಂಡು ಎದ್ದಾಗಿತ್ತು. ಬಾಂಡ್ಲಿ ಕಾಲಿಗೆ ತಾಗಿ ಕೆಂಡ ಚೆಲ್ಲಿತು. "ಗಾಡಿ ತೆಗೀರಿ. ನಿಂತ್ಕಂಡು ಏನ್ ನೋಡ್ತೀರಾ? ಗಾಡಿ ತೆಗೀರಿ!"

ಮನೆಯಿಂದ ಆಸ್ಪತ್ರೆಗೆ ಬೈಕಿನಲ್ಲಿ ಐದು ನಿಮಿಷ. ಆ ಐದು ನಿಮಿಷದಲ್ಲಿ ಮಗುವಿನ ಕುತ್ತಿಗೆ ಅವಳ ತೋಳಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ರೆಪ್ಪೆಗಳು ಊದಿ ಕಣ್ಣು ಕಾಣಿಸುತ್ತಿರಲಿಲ್ಲ. "ಪಾಪೂ, ಪಾಪೂ" ಎಂದು ಕೆನ್ನೆ ತಟ್ಟಿದಳು. ಮುಂದೆ ಕೂತವನು "ಏನಾತೇ, ಏನಾತೇ" ಎಂದು ತಿರುಗಿ ತಿರುಗಿ ನೋಡುತ್ತಿದ್ದ. "ಮುಂದೆ ನೋಡ್ರೀ!" ಎಂದು ಅವಳು ಅವನ ಬೆನ್ನಿಗೆ ಗುದ್ದಿದಳು. ಮದುವೆಯಾದ ನಾಲ್ಕು ವರ್ಷದಲ್ಲಿ ಗಂಡನ ಮೇಲೆ ಕೈ ಮಾಡಿದ್ದು ಅದೇ ಮೊದಲು.

ಡ್ಯೂಟಿಯಲ್ಲಿದ್ದವಳು ವಯಸ್ಸಿನ್ನೂ ಮೂವತ್ತಾಗದ ಡಾಕ್ಟರಮ್ಮ. ಮಗುವನ್ನು ನೋಡಿದ ತಕ್ಷಣ ಒಂದೇ ಪ್ರಶ್ನೆ ಕೇಳಿದಳು: "ಏನು ತಿಂತು?"

"ಮಣ್ಣಿ. ರಾಗಿ, ಹೆಸರು, ಶೇಂಗಾ..."

ಮಾತು ಮುಗಿಯುವ ಮುಂಚೆ ಸೂಜಿ ಮಗುವಿನ ತೊಡೆಗೆ ಇಳಿದಿತ್ತು. ನರ್ಸು ಪುಟ್ಟ ಮುಖಕ್ಕೆ ಮಾಸ್ಕು ಹಿಡಿದಳು. ಡಾಕ್ಟರಮ್ಮ ಸ್ಟೆತಸ್ಕೋಪು ಎದೆಗಿಟ್ಟು ಗೋಡೆಯ ಗಡಿಯಾರ ನೋಡುತ್ತ ನಿಂತಳು. ಶಶಿರೇಖಾಳ ಕಣ್ಣು ಮಗುವಿನ ಉಗುರಿನ ಮೇಲೆ ನೆಟ್ಟಿತ್ತು. ಸೀಸದ ಬಣ್ಣಕ್ಕೆ ತಿರುಗಿದ್ದ ಉಗುರುಗಳು. ಕೆಂಪು ಎಂದರೆ ನೂರು ಬಗೆ ಗೊತ್ತಿದ್ದವಳು ಅವಳು. ರೇಷ್ಮೆ ಎಳೆ ಹಿಡಿದು ಬಿಸಿಲಿಗೆ ಒಡ್ಡಿ ಎರಡು ಕೆಂಪಿನ ನಡುವಿನ ವ್ಯತ್ಯಾಸ ಹೇಳುವವಳು. ಆ ಉಗುರುಗಳಿಗೆ ಕೆಂಪು ಎಂಬುದು ವಾಪಸು ಬರಲು ತೆಗೆದುಕೊಂಡ ಹೊತ್ತು ಎಷ್ಟೆಂದು ಅವಳಿಗೆ ಗೊತ್ತಾಗಲಿಲ್ಲ. ಮೊದಲು ಹೆಬ್ಬೆರಳಿಗೆ ಬಂತು. ಆಮೇಲೆ ಮಗು ಮಾಸ್ಕನ್ನು ತಳ್ಳಲು ಕೈ ಎತ್ತಿತು.

"ಒಳ್ಳೇದು," ಎಂದಳು ಡಾಕ್ಟರಮ್ಮ. ಅವಳ ಹಣೆಯಲ್ಲೂ ಬೆವರಿತ್ತು. "ನಾಳೆವರೆಗೂ ಇಲ್ಲೇ ಇರ್ಲಿ. ಇಳಿದದ್ದು ಮತ್ತೆ ಏರಬಹುದು." ಕುರ್ಚಿ ಎಳೆದು ಕೂತು ಚೀಟಿ ಬರೆಯತೊಡಗಿದಳು. "ಅಲರ್ಜಿ ಇದು. ಶೇಂಗಾದ್ದೇ ಅನ್ನಿಸುತ್ತೆ. ಇದಕ್ಕೆ ಮುಂಚೆ ಶೇಂಗಾ ಕೊಟ್ಟಿದ್ರಾ?"

"ಇಲ್ಲ ಮೇಡಂ. ಇದೇ ಮೊದಲು."

"ಮೈಮೇಲೆ ಹೀಗೆ ಗಂಧೆ ಎದ್ದಿತ್ತಾ ಯಾವಾಗಾದರೂ?"

"ಎದ್ದಿತ್ತು. ಮೂರು ಸಲ."

"ಏನು ತಿಂದಾಗ?"

"ತಿಂದಾಗ ಅಲ್ಲ." ಶಶಿರೇಖಾಗೆ ಹೇಳಲು ನಾಚಿಕೆಯಾಯಿತು. "ನಮ್ಮವ್ವ ಮುತ್ತು ಕೊಟ್ಟಾಗ."

ಡಾಕ್ಟರಮ್ಮನ ಪೆನ್ನು ನಿಂತಿತು. ಅವಳು ನಗಲಿಲ್ಲ. "ಮುತ್ತು ಕೊಟ್ಟ ಜಾಗದಲ್ಲಿ ಮಾತ್ರ?"

"ಹೂಂ. ಅಲ್ಲಿ ಮಾತ್ರ."

"ನಿಮ್ಮ ತಾಯಿ ಏನು ಕೆಲಸ ಮಾಡ್ತಾರೆ?"

"ಬಿತ್ತನೆ ಶೇಂಗಾ..." ಎಂದ ಶಶಿರೇಖಾ ಅಲ್ಲಿಗೇ ನಿಂತಳು.

ಬಾಯಿ ತೆರೆದೇ ಇತ್ತು. ಒಂದೊಂದೇ ನೆನಪಿಗೆ ಬಂತು. ಬಸ್ಸಿಳಿದು ಬಂದ ಅವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಾಯಲ್ಲಿದ್ದದ್ದನ್ನು ನುಂಗಿ, ತುಟಿ ಒರೆಸಿಕೊಂಡು ಕೂಸಿಗೆ ಕೈ ಚಾಚುತ್ತಿದ್ದುದು. ಮಗುವಿನ ಬಾಯಲ್ಲಿ ಬಂದ ಆ ವಾಸನೆ. ಸುಲಿಯುವ ಕಾಲದಲ್ಲಿ ಸಂಜೆ ಮನೆಗೆ ಬಂದ ಅವ್ವನನ್ನು ತಬ್ಬಿಕೊಂಡಾಗ ಬರುತ್ತಿದ್ದ ವಾಸನೆ, ತನ್ನ ಇಡೀ ಬಾಲ್ಯದ ವಾಸನೆ. ಅದು ಗೊತ್ತಾಗದೆ ಹೋಯಿತಲ್ಲ. ಕೆನ್ನೆ, ಹಣೆ, ಅಂಗಾಲು. ಮೂರು ಸಲ ಮಗುವಿನ ಮೈ ಹೇಳಿತ್ತು. ತಾನು ಕೇಳಿಸಿಕೊಂಡದ್ದು ಓಣಿಯ ಮಾತನ್ನು. ಅವ್ವನನ್ನು ಬರಬೇಡ ಎಂದು ಕಳಿಸಿದ ಅದೇ ಕೈಯಲ್ಲಿ, ಅವ್ವ ಬಾಯಿ ಕಟ್ಟಿ ಕೂಡಿಟ್ಟ ಕಾಳನ್ನು ತುಪ್ಪ ಹಾಕಿ, ಆರಿಸಿ, ಚಮಚ ಚಮಚವಾಗಿ...

ಅವಳು ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಳು.

"ಗಂಧೆ ಎದ್ದದ್ದೇ ಮೊದಲ ಸೂಚನೆ," ಡಾಕ್ಟರಮ್ಮ ಮೆಲ್ಲಗೆ ಹೇಳುತ್ತಿದ್ದಳು. "ಆಗಲೇ ತೋರಿಸಬೇಕಿತ್ತು. ಇನ್ನು ಮುಂದೆ ಒಂದು ಕಾಳಿನ ಪುಡಿಯೂ ಬಾಯಿಗೆ ಹೋಗಬಾರದು. ತಿಂದವರ ಕೈ, ಬಾಯಿ ಕೂಡ ಸೋಪು ಹಾಕಿ ತೊಳೆದಿರಬೇಕು. ತುಟಿ ಊದಿತು, ವಾಂತಿ ಆಯ್ತು, ಕೆಮ್ಮು ಬಂತು, ದನಿ ಕೂತಿತು, ಮಗು ಸೋತಿತು, ಇಂಥದ್ದು ಕಂಡರೆ ಒಂದು ನಿಮಿಷ ಕಾಯಬೇಡಿ. ಹೊಗೆ ಗಿಗೆ ಏನೂ ಬೇಡ. ಓಡಿ ಬನ್ನಿ. ಕೇಳಿಸ್ತಾ ಅಮ್ಮಾ?"

ಕೇಳಿಸಿತು ಎಂಬಂತೆ ಅವಳು ತಲೆಯಾಡಿಸಿದಳು.

ಮಧ್ಯಾಹ್ನ ಮಗು ಎದೆಹಾಲು ಕುಡಿದು ಮಲಗಿದ ಮೇಲೆ ವರಾಂಡಕ್ಕೆ ಬಂದು ಅವ್ವನಿಗೆ ಫೋನು ಮಾಡಿದಳು. "ಪಾಪು ಚೆನ್ನಾಗೈತೆ, ಮೊದ್ಲು ಅದು ಕೇಳಿಸ್ಕೋ," ಎಂದು ಶುರುಮಾಡಿ ಎಲ್ಲ ಹೇಳಿದಳು. ಆ ಕಡೆ ಚಟಚಟ ಸದ್ದು, ಹೆಂಗಸರ ನಗು ಕೇಳುತ್ತಿತ್ತು.

"ಅವ್ವಾ?"

"ನನ್ ಕಾಳಾ ಶಶೀ?"

"ನಿನಗೇನ್ ಗೊತ್ತಿತ್ತವ್ವಾ. ನನಗೇ ಗೊತ್ತಾಗ್ಲಿಲ್ಲ."

"ನಾನ್ ಕೂಡಿಟ್ಟ ಕಾಳಾ?" ಎಂದು ಮುದ್ದಕ್ಕ ಮತ್ತೆ ಕೇಳಿದಳು. ಆಮೇಲೆ ಫೋನು ಕೈಯಿಂದ ಜಾರಿತೇನೋ, ಕಾಯಿಯ ರಾಶಿಯ ಮೇಲೆ ಬಿದ್ದ ಸದ್ದು. ಹೆಂಗಸರ ನಗು ನಿಂತಿತು.

ಮಾರನೆಯ ಬೆಳಿಗ್ಗೆ ಶಶಿರೇಖಾ ಹಾಲು ತರಲು ಹೊರಗೆ ಬಂದರೆ ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ ಅವ್ವ ಕೂತಿದ್ದಳು. ಮೊದಲ ಬಸ್ಸಿಗೇ ಬಂದಿರಬೇಕು. ತಲೆಗೆ ಎರೆದುಕೊಂಡ ಕೂದಲು ಇನ್ನೂ ಹಸಿಯಾಗಿತ್ತು. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಸೀರೆ ಉಟ್ಟಿದ್ದಳು. ಎರಡೂ ಕೈ ನೀರಿನ ಕೆಳಗೆ ಹಿಡಿದು ಸಣ್ಣ ಕಲ್ಲಿನಿಂದ ಬೆರಳ ತುದಿ ಉಜ್ಜುತ್ತಿದ್ದಳು.

"ಒಳಗ್ ಬಾರವ್ವ. ಇಲ್ಲ್ಯಾಕ್ ಕೂತಿ?"

"ಬೂದಿ ಹಾಕಿ ತಿಕ್ಕೀನಿ. ಸೀಗೆಪುಡಿ ಹಾಕಿ ತಿಕ್ಕೀನಿ." ಮುದ್ದಕ್ಕ ತಲೆ ಎತ್ತಲಿಲ್ಲ. "ಬಾಯಿಗೆ ನಿನ್ನೆಯಿಂದ ಏನೂ ಹಾಕಿಲ್ಲ, ನೀರು ಬಿಟ್ಟು. ಉಗುರಿನ ಸಂದಿದು ಮಾತ್ರ ಹೋಗವಲ್ದು ಶಶೀ. ಕೆಂಪಗೆ ಕೂತೈತೆ ನೋಡು. ನಾನು ಇಲ್ಲಿಂದ್ಲೇ ಕೂಸಿನ ದನಿ ಕೇಳಿಸ್ಕಂಡು ಹೋಗ್ತೀನಿ. ನೀನು ಹೋಗು, ಕೂಸು ಎದ್ದೀತು."

ಬೆರಳ ತುದಿಗಳು ಸುಲಿದು ಒಂದೆರಡು ಕಡೆ ರಕ್ತ ಜಿನುಗುತ್ತಿತ್ತು. ಉಗುರಿನೊಳಗೆ ಕಾಳಿನ ಕೆಂಪು ಪೊರೆ ಗೆರೆ ಎಳೆದಂತೆ ಉಳಿದಿತ್ತು. ಶಶಿರೇಖಾ ಕಲ್ಲನ್ನು ಕಿತ್ತುಕೊಂಡು ದೂರ ಎಸೆದಳು. ನಲ್ಲಿಯ ಕಟ್ಟೆಯ ಮೇಲೆ ಅವ್ವನ ಎದುರು ಕೂತು, ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿದಳು. ಅವ್ವನ ಎಡಗೈಯನ್ನು ತನ್ನ ಮಂಡಿಯ ಮೇಲೆ ಹರವಿಕೊಂಡು ಕಿರುಬೆರಳಿನಿಂದ ಶುರುಮಾಡಿದಳು. ಮುದ್ದಕ್ಕ ಕೈ ಎಳೆದುಕೊಳ್ಳಲು ನೋಡಿ ಸುಮ್ಮನಾದಳು.

ಮಂಜಮ್ಮ ವಾರ್ಡಿನ ಹಿಂಬಾಗಿಲಿಗೆ ಬಂದು ನಿಂತಳು. ಬೀಗಿತಿಯನ್ನು ನೋಡಿದಳು. ಒಳಗೆ ಹೋಗಿ ಸೋಪಿನ ಡಬ್ಬಿ ತಂದು, ಮುಚ್ಚಳ ತೆಗೆದು, ಇಬ್ಬರ ನಡುವೆ ಇಟ್ಟು ಹೋದಳು.

ಎಡಗೈ ಮುಗಿಯಿತು. ಬಲಗೈಯಲ್ಲಿ ಎರಡು ಬೆರಳು ಆಗಿತ್ತು. ಆಗ ಒಳಗೆ ಸ್ವಪ್ನ ಎದ್ದಿತು. ಎದ್ದ ಕೂಡಲೇ ಹಸಿವಿಗೆ ಅಳು ತೆಗೆಯಿತು. ತಾಯಿ ಮಗಳಿಬ್ಬರೂ ತಲೆ ಎತ್ತಿ ಕಿವಿಗೊಟ್ಟರು. ಜೋರು ಅಳು. ಎಲ್ಲೂ ಕಟ್ಟದೆ, ಎಲ್ಲೂ ಒಡೆಯದೆ, ಉದ್ದಕ್ಕೆ ಎಳೆದು ಎಳೆದು ಬರುತ್ತಿತ್ತು.

"ಹೋಗೇ, ಅಳ್ತೈತೆ," ಎಂದಳು ಮುದ್ದಕ್ಕ.

"ಅಳ್ಲಿ ಬಿಡವ್ವ," ಎಂದು ಶಶಿರೇಖಾ ಮುಂದಿನ ಬೆರಳನ್ನು ಕೈಗೆ ತೆಗೆದುಕೊಂಡಳು. ನಲ್ಲಿಯ ನೀರು ಅವರ ಕೈಗಳ ಮೇಲೆ ಸುರಿಯುತ್ತಲೇ ಇತ್ತು.